ಅತ್ತೆಯ ಕೊರಳಿನ ಕುಂಜೈಟ್

ಮದುವೆಯಾಗಿ ಎಂಟು ವರ್ಷ ಕಳೆದರೂ ಅತ್ತೆಯ ಬಾಯಲ್ಲಿ ಅವನು ಇನ್ನೂ ‘ಏ ಸಾಣೆ’ಯೇ ಆಗಿದ್ದ. ರತ್ನದ ಕಲ್ಲುಗಳಿಗೆ ಸಾಣೆ ಹಿಡಿದು ಹೊಳಪು ಕೊಡುವುದು ಅವನ ಕಸುಬು. ಕಸುಬೇ ಹೆಸರಾಗಿ ಅಂಟಿಕೊಂಡು, ಕೊನೆಗೆ ಬೀದಿಯವರೆಲ್ಲ ಹಾಗೇ ಕರೆಯತೊಡಗಿದ್ದರು. ಸಾಣೆ ಎಂದರೆ ಅವನಿಗೇನೂ ಬೇಜಾರಿರಲಿಲ್ಲ. ಬೇಜಾರಿದ್ದದ್ದು ಅದರ ಹಿಂದಿನ ಆ ‘ಏ’ ಬಗ್ಗೆ.

ಅತ್ತೆ ಹೈಸ್ಕೂಲಿನಲ್ಲಿ ಆಟದ ಟೀಚರು. ಓಟ, ನೆಗೆತ, ಈಟಿ ಎಸೆತ ಎಲ್ಲದರಲ್ಲೂ ಎತ್ತಿದ ಕೈ. ಕೊರಳಲ್ಲಿ ಸದಾ ಒಂದು ಉಕ್ಕಿನ ಸೀಟಿ. ಮನೆಗೆ ಬಂದರೂ ಅದು ಕೊರಳಿಂದ ಇಳಿಯುತ್ತಿರಲಿಲ್ಲ: ಊಟಕ್ಕೆ ಕರೆಯಲು ಒಂದು ಸೀಟಿ, ಬಚ್ಚಲಲ್ಲಿ ಯಾರಾದರೂ ತಡಮಾಡಿದರೆ ಎರಡು. ದಿನವಿಡೀ ಬಗ್ಗಿ ಕೂತು ಬಟಾಣಿ ಕಾಳಿನಷ್ಟು ಕಲ್ಲನ್ನು ಉಜ್ಜುವ ಗಂಡಸು ತನಗೆ ಅಳಿಯನಾಗಿ ಬಂದದ್ದು ಅವರಿಗೆ ಅರಗಿರಲೇ ಇಲ್ಲ. “ಏ ಸಾಣೆ, ಬೆನ್ನು ನೆಟ್ಟಗೆ ಮಾಡೋ” ಎಂಬುದೇ ಅವರು ಅವನ ಜೊತೆ ಆಡುತ್ತಿದ್ದ ಮಾತುಗಳಲ್ಲೆಲ್ಲ ದೀರ್ಘವಾದದ್ದು.

ಮನೆ ಅತ್ತೆಯದು. ಅವನ ಸಾಣೆ ಚಕ್ರಕ್ಕೆ ಸಿಕ್ಕಿದ್ದು ಬಟ್ಟೆ ಒಗೆಯುವ ಕೋಣೆಯ ಮೂಲೆ, ವಾಷಿಂಗ್ ಮೆಷಿನ್ ಪಕ್ಕ. ಮೆಷಿನ್ನು ಬಟ್ಟೆ ಹಿಂಡಲು ಶುರುಮಾಡಿದರೆ ನೆಲ, ಗೋಡೆ, ಮೇಜು, ಸಾಣೆ ಎಲ್ಲವೂ ಒಟ್ಟಿಗೆ ನಡುಗುತ್ತಿದ್ದವು. ಆಗ ಅವನು ಕಲ್ಲನ್ನು ಎತ್ತಿ ಹಿಡಿದುಕೊಂಡು, ಕೈಕಟ್ಟಿ ನಿಂತ ವಿದ್ಯಾರ್ಥಿಯಂತೆ, ಮೆಷಿನ್ನು ಮುಗಿಸುವವರೆಗೆ ಕಾಯಬೇಕು. ಅದೇ ಮನೆಯಲ್ಲಿ ಉತ್ತರಕ್ಕೆ ದೊಡ್ಡ ಕಿಟಕಿಯಿದ್ದ ಒಂದು ಕೋಣೆ ಸುಮ್ಮನೆ ಬಿದ್ದಿತ್ತು. ಉತ್ತರದ ಕಿಟಕಿಯೆಂದರೆ ಕಲ್ಲಿನ ಕೆಲಸದವರಿಗೆ ಪ್ರಾಣ. ನೇರ ಬಿಸಿಲಿಲ್ಲದೆ, ಬೆಳಗಿಂದ ಸಂಜೆವರೆಗೆ ಒಂದೇ ಹದದ ಬೆಳಕು. ಆದರೆ ಅಲ್ಲಿ ಅತ್ತೆಯ ಕಪ್ಪುಗಳು, ಫಲಕಗಳು, ಗಾಳಿ ಹೋದ ಚೆಂಡುಗಳು ಮತ್ತು ಒಂದು ಈಟಿ ವಾಸವಾಗಿದ್ದವು. ಆ ಕೋಣೆ ಕೇಳುವುದಿರಲಿ, ಅದರ ಮುಂದೆ ನಿಧಾನವಾಗಿ ನಡೆಯಲೂ ಅವನಿಗೆ ಧೈರ್ಯವಿರಲಿಲ್ಲ.

ಅತ್ತೆಯ ನಿವೃತ್ತಿ ಹತ್ತಿರ ಬಂದಾಗ ಕಲ್ಲಿನ ದಲ್ಲಾಳಿಯೊಬ್ಬ ಬೆರಳುದ್ದದ ಒಂದು ಹರಳು ತಂದ. ಪಕ್ಕದಿಂದ ನೋಡಿದರೆ ತೊಳೆದ ಗಾಜಿನಂತೆ ಬಿಳಿಚು. ತುದಿಯಿಂದ ಉದ್ದಕ್ಕೆ ಕಣ್ಣಿಟ್ಟು ನೋಡಿದರೆ, ಅಬ್ಬಾ, ನೇರಳೆ ಛಾಯೆಯ ಗುಲಾಬಿ!

“ಕುಂಜೈಟ್” ಎಂದ ದಲ್ಲಾಳಿ. ಸಾಣೆಗೆ ಅವನು ಹೇಳಬೇಕಾಗಿಯೇ ಇರಲಿಲ್ಲ.

ಈ ಕಲ್ಲು ಹುಟ್ಟುವ ಬಗೆಯನ್ನು ನೆನೆದರೆ ಸಾಣೆಗೆ ಯಾಕೋ ಕರುಳು ಚುರುಕ್ ಎನ್ನುತ್ತಿತ್ತು. ಭೂಮಿಯ ಆಳದಲ್ಲಿ ಕರಗಿದ ಬಂಡೆ ತಣ್ಣಗಾಗುವಾಗ ಒಂದೊಂದು ಖನಿಜವೂ ತನಗೆ ಬೇಕಾದ್ದನ್ನು ಬಾಚಿಕೊಂಡು ಗಟ್ಟಿಯಾಗಿ ಕೂತುಬಿಡುತ್ತದೆ. ಲಿಥಿಯಂ ಪಾಪ, ತೀರಾ ಚಿಕ್ಕದು. ಅದನ್ನು ಯಾರೂ ಸೇರಿಸಿಕೊಳ್ಳುವುದಿಲ್ಲ. ಕಟ್ಟಕಡೆಗೆ ಉಳಿದ ರಸದಲ್ಲಿ, ತನ್ನಂತೆಯೇ ಜಾಗ ಸಿಗದವರ ಜೊತೆ, ಅದು ಬಂಡೆಯ ಬಿರುಕುಗಳಿಗೆ ನುಗ್ಗಿ ಅಲ್ಲಿ ನೆಲೆ ಹುಡುಕುತ್ತದೆ. ಅಲ್ಲಿ ಬೆಳೆಯುವ ಖನಿಜಗಳಲ್ಲಿ ಒಂದು ಸ್ಪೊಡುಮೀನ್. ಮನುಷ್ಯನಿಗಿಂತ ಎತ್ತರ ಬೆಳೆಯುವುದೂ ಉಂಟು. ಬಹುಪಾಲು ಬೂದು ಬಣ್ಣದ, ಯಾರೂ ತಿರುಗಿ ನೋಡದ ಕಲ್ಲು. ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ ಪುಡಿಯಾಗುವುದೇ ಅದರ ಹಣೆಬರಹ. ಎಲ್ಲೋ ಅಪರೂಪಕ್ಕೆ ಚಿಟಿಕೆ ಮ್ಯಾಂಗನೀಸ್ ಬೆರೆತು ತಿಳಿಯಾಗಿ ಬೆಳೆದರೆ ಅದು ಕುಂಜೈಟ್. ಬಟ್ಟೆ ಒಗೆಯುವ ಕೋಣೆಯಲ್ಲಿ ಕೂತು ಇದನ್ನು ಯೋಚಿಸುವ ಮನುಷ್ಯನಿಗೆ ಆ ಲಿಥಿಯಂ ಹತ್ತಿರದ ನೆಂಟನಂತೆ ಕಂಡರೆ ಆಶ್ಚರ್ಯವೇನಿಲ್ಲ.

ಆದರೆ ಈ ನೆಂಟನಿಗೆ ಚಾಳಿಗಳೂ ಇದ್ದವು. ಮೂಗಿನ ತುದಿಯಲ್ಲೇ ಕೋಪ: ಎರಡು ದಿಕ್ಕಿನಲ್ಲಿ ಸೀಳುವ ಗುಣ, ಸರಿಯಾದ ಜಾಗಕ್ಕೆ ಒಂದು ಪೆಟ್ಟು ಬಿದ್ದರೆ ಕತ್ತರಿಸಿಟ್ಟಂತೆ ಇಬ್ಭಾಗ. ಬಿಸಿ ಕಂಡರೆ ಆಗದು. ಎಲ್ಲಕ್ಕಿಂತ ದೊಡ್ಡ ಚಾಳಿ ಬಿಸಿಲಿನದು. ದಿನವೂ ಬಿಸಿಲಿಗೊಡ್ಡಿದರೆ ಆ ಗುಲಾಬಿ ಬಣ್ಣ ಮೆಲ್ಲಮೆಲ್ಲಗೆ ಇಳಿದು ಕಡೆಗೆ ನೀರಿನಂತಾಗುತ್ತದೆ. ಸಂಜೆ ಸಮಾರಂಭಕ್ಕೆ ಹಾಕಿಕೊಂಡು, ಮನೆಗೆ ಬಂದು ಡಬ್ಬಿಯಲ್ಲಿಡಬೇಕಾದ ಕಲ್ಲು. ನಿವೃತ್ತಿಯಾದ ಅತ್ತೆ ಇನ್ನು ಮನೆಯಲ್ಲೇ ಇರುತ್ತಾರೆ, ಅವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆಯಿಲ್ಲ ಎಂದು ಅವನು ಲೆಕ್ಕ ಹಾಕಿದ. ಕಲ್ಲನ್ನು ಕಡ್ಡಿಗೆ ಹಿಡಿಸುವ ಅರಗಿನ ಬಿಸಿ ತಾಗಬಾರದೆಂದು ತಣ್ಣನೆಯ ಅಂಟಿನಿಂದ ಕೂರಿಸಿ, ಬಣ್ಣ ಗಾಢವಾಗಿ ಕಾಣುವ ತುದಿಯನ್ನೇ ಮೇಲ್ಮುಖ ಮಾಡಿ, ಉಸಿರು ಬಿಗಿಹಿಡಿದು ಕೆತ್ತಿದ. ವಾಷಿಂಗ್ ಮೆಷಿನ್ನಿಗೆ ಬೀಗ ಹಾಕಲು ಬಾರದ್ದರಿಂದ ಅದರ ಪ್ಲಗ್ಗನ್ನೇ ವೈರಿನಿಂದ ಬಿಚ್ಚಿ ಜೇಬಿಗೆ ಹಾಕಿಕೊಂಡ. ಮನೆಯವರೆಲ್ಲ ಮಾಸಿದ ಬಟ್ಟೆಯಲ್ಲೇ ಓಡಾಡಿದರು.

ನಿವೃತ್ತಿಯ ಸಂಜೆ ಅತ್ತೆ ಡಬ್ಬಿ ತೆರೆದರು. ಕಲ್ಲು ಕೂರಿಸಿದ್ದ ಪದಕವನ್ನು ದೀಪಕ್ಕೆ ಹಿಡಿದರು. ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ, ಮತ್ತೆ ದೀಪಕ್ಕೆ ಹಿಡಿದರು.

“ನೀವೇ ಕೆತ್ತಿದ್ದಾ, ಅಳಿಯಂದ್ರೇ?”

ಅಳಿಯಂದ್ರೇ! ಸಾಣೆ ಹಿಂದೆ ತಿರುಗಿ ನೋಡಿದ, ಬೇರೆ ಯಾರಾದರೂ ಅಳಿಯ ನಿಂತಿದ್ದಾನೇನೋ ಎಂದು.

“ಹೂಂ ಅತ್ತೆ. ಇದರಲ್ಲಿ ಲಿಥಿಯಂ ಇದೆ. ಮೊಬೈಲ್ ಬ್ಯಾಟರಿಯಲ್ಲಿ ಇರುತ್ತಲ್ಲ, ಅದೇ.”

ಅಲ್ಲಿಗೆ ನಿಲ್ಲಿಸಿದ. ಬಿಸಿಲಿನ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವನ ಅಪ್ಪ ಕಸುಬು ಕಲಿಸುವಾಗಲೇ ಕಿವಿ ಹಿಂಡಿ ಹೇಳಿದ್ದ: ಕಲ್ಲು ಕೈಗೆ ಕೊಡುವಾಗ ಅದರ ಗುಣ ಹೇಳು, ದೋಷವನ್ನು ಕೇಳಿದರೆ ಮಾತ್ರ ಹೇಳು. ಅತ್ತೆ ಕೇಳಲಿಲ್ಲ. ಬದಲಿಗೆ ಪದಕವನ್ನು ಸೀಟಿಯ ಪಕ್ಕದಲ್ಲೇ ನೇತುಹಾಕಿಕೊಂಡು, “ಶಾಲೆಗೆ ರಜೆ ಬರಲಿ. ಆ ಕಪ್ಪು, ಚೆಂಡು ಎಲ್ಲ ಅಲ್ಲಿಗೇ ಕೊಟ್ಟುಬಿಡ್ತೀನಿ. ಉತ್ತರದ ಕೋಣೆ ನಿಮ್ಮದು” ಎಂದರು. ಸಾಣೆಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು.

ಮರುವಾರವೇ ಅತ್ತೆ, ಶಾಲೆಯ ಮುಂದಿನ ಅಗಲ ರಸ್ತೆಯಲ್ಲಿ ಮಕ್ಕಳನ್ನು ದಾಟಿಸುವ ಕೆಲಸಕ್ಕೆ ತಾವಾಗಿಯೇ ಹೆಸರು ಕೊಟ್ಟು ಬಂದರು. ಬೆಳಿಗ್ಗೆ ಒಂದು ಹೊತ್ತು, ಮಧ್ಯಾಹ್ನ ಒಂದು ಹೊತ್ತು, ರಸ್ತೆಯ ನಟ್ಟನಡುವೆ, ಕೈಯಲ್ಲಿ ‘ನಿಲ್ಲಿ’ ಎಂಬ ಫಲಕ. ತಲೆಯ ಮೇಲೆ ಉರಿಯುವ ಸೂರ್ಯ. ಕೊರಳಲ್ಲಿ ಉಕ್ಕಿನ ಸೀಟಿ, ಅದಕ್ಕೆ ತಗುಲಿಕೊಂಡೇ ಕುಂಜೈಟ್.

ಬಿಸಿಲು ಒಂದು ಕಡೆಯಿಂದ, ಸೀಟಿ ಇನ್ನೊಂದು ಕಡೆಯಿಂದ. ಇಡೀ ಊರಿನಲ್ಲಿ ಆ ಕಲ್ಲನ್ನು ಕೊಡಬಾರದಾಗಿದ್ದ ಒಂದೇ ಒಂದು ಕೊರಳನ್ನು ಸಾಣೆ ಹುಡುಕಿ ಕೊಟ್ಟಿದ್ದ.

“ಹೋಗಿ ಹೇಳಿಬಿಡಿ” ಎಂದಳು ಹೆಂಡತಿ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಇದ್ದದ್ದನ್ನು ಇದ್ದಂತೆ ಹೇಳುವವಳು. “ಅಮ್ಮ ಏನು ನಿಮ್ಮನ್ನ ತಿಂದುಬಿಡ್ತಾರಾ?”

“ಬಿಸಿಲಿಗೆ ಬಣ್ಣ ಹೋಗೋ ಕಲ್ಲು ಕೊಟ್ಟೆ ಅಂತ ಹೇಳಲಾ? ನಾಳೆಯಿಂದ ಮತ್ತೆ ‘ಏ ಸಾಣೆ’. ಕೋಣೆ ಕೈಗೆ ಬರಲಿ ಕಣೇ, ಆಮೇಲೆ ಹೇಳ್ತೀನಿ.”

“ಸರಿ. ನಾನೇನೂ ಕೇಳಿಸಿಕೊಂಡಿಲ್ಲ” ಎಂದು ಅವಳು ಎದ್ದು ಹೋದಳು.

ಅಲ್ಲಿಂದ ಶುರುವಾಯಿತು ನೋಡಿ ಸಾಣೆಯ ಸೇವೆ. ಮೊದಲು ಅಗಲ ಅಂಚಿನ ಟೋಪಿ ತಂದುಕೊಟ್ಟ. ಅದರ ನೆರಳು ಅತ್ತೆಯ ಮೂಗಿನವರೆಗೆ ಬಂದು ನಿಂತಿತು, ಕೊರಳಿಗೆ ಇಳಿಯಲಿಲ್ಲ. ಆಮೇಲೆ ರಸ್ತೆಯ ಆಚೆ ಬದಿ ತೋರಿಸಿದ.

“ಅತ್ತೆ, ಅಲ್ಲಿ ಮರದ ನೆರಳಿದೆ. ಅಲ್ಲಿ ನಿಂತ್ಕೊಳ್ಳಬಹುದಲ್ಲ?”

“ಮಕ್ಕಳು ದಾಟೋದು ಇಲ್ಲಿ, ಅಳಿಯಂದ್ರೇ. ಮರ ದಾಟಲ್ಲ.”

ಉಕ್ಕಿನ ಸೀಟಿಗೆ ಬದಲಾಗಿ ಹಗುರವಾದ ಪ್ಲಾಸ್ಟಿಕ್ ಸೀಟಿ ತಂದ. ಅತ್ತೆ ಒಮ್ಮೆ ಊದಿ, ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದೇನ್ರೀ, ಬಾತುಕೋಳಿ ಕೂಗಿದ ಹಾಗಿದೆ! ಇದಕ್ಕೆ ಲಾರಿ ನಿಲ್ಲಲ್ಲ. ಲಾರಿಯವನು ನಗ್ತಾನೆ ಅಷ್ಟೇ” ಎಂದು ವಾಪಸು ಕೊಟ್ಟರು.

ಕಡೆಗೆ ಅವನು ಒಂದು ದೊಡ್ಡ ಕಪ್ಪು ಕೊಡೆ ತೆಗೆದುಕೊಂಡು ಹೋಗಿ ತಾನೇ ಅತ್ತೆಯ ಪಕ್ಕ ನಿಂತ. ಅತ್ತೆ ನಡೆದರೆ ಅವನೂ ನಡೆದ. ಅತ್ತೆ ಓಡಿದರೆ ಅವನೂ ಕೊಡೆಯೊಂದಿಗೆ ಓಡಿದ. ಮಕ್ಕಳು ಹೊಟ್ಟೆ ಹಿಡಿದು ನಕ್ಕರು. ಶಾಲೆಯ ಎದುರು ಮನೆಯ ದರ್ಜಿ ಹೊಲಿಗೆ ಬಿಟ್ಟು ಬಾಗಿಲಿಗೆ ಬಂದು ನಿಂತ.

“ಅತ್ತೆಗೆ ಕೊಡೆ ಹಿಡಿಯೋ ಅಳಿಯನ್ನ ನಾನು ನೋಡ್ತಿರೋದು ಇದೇ ಮೊದಲು. ನನ್ನ ಅಳಿಯ ಇದ್ದಾನೆ, ನಾನು ಕೆರೆಗೆ ಬಿದ್ದು ಎದ್ದು ಬಂದ್ರೂ ಒಂದು ಟವೆಲ್ ಕೊಡಲ್ಲ.”

“ಬಿಸಿಲು ಒಳ್ಳೇದಲ್ಲ ಅಂತ...” ಎಂದ ಸಾಣೆ. ಸುಳ್ಳೇನೂ ಅಲ್ಲವಲ್ಲ.

ಅತ್ತೆಗೆ ಕಲ್ಲಿನ ಬಗ್ಗೆ ಹೆಮ್ಮೆಯೋ ಹೆಮ್ಮೆ. ಸಿಕ್ಕಸಿಕ್ಕವರಿಗೆಲ್ಲ ಲಿಥಿಯಂ ಪಾಠ. “ಬ್ಯಾಟರಿಯಲ್ಲಿ ಇರೋದೇ ಇದರಲ್ಲೂ ಇರೋದು” ಎಂದರೆ ದರ್ಜಿ ಗಂಭೀರವಾಗಿ, “ಹಂಗಾದ್ರೆ ಚಾರ್ಜ್ ಎಲ್ಲಿ ಹಾಕ್ತೀರಾ ಟೀಚರ್?” ಎಂದು ಕೇಳಿದ. ಬೀದಿಯಲ್ಲಿ ಒಂದು ವಾರ ಅದೇ ನಗು.

ಕೊಡೆಯ ಕೆಳಗೆ ನಿಂತ ಇಬ್ಬರು ಎಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲು ಸಾಧ್ಯ? ಗಾಡಿಗಳಿಲ್ಲದ ಹೊತ್ತಿನಲ್ಲಿ ಅತ್ತೆ ಮಾತಿಗೆ ಶುರುವಿಟ್ಟರು. ಹುಡುಗಿಯಾಗಿದ್ದಾಗ ದೊಡ್ಡ ಓಟವೊಂದರಲ್ಲಿ ಎಲ್ಲರಿಗಿಂತ ಮುಂದಿದ್ದು, ಗುರಿಯ ಗೆರೆಯ ಹತ್ತಿರ ಶೂ ಕಳಚಿ, ಅದನ್ನು ಎತ್ತಿಕೊಳ್ಳಲು ಬಗ್ಗಿ ಸೋತ ಕಥೆ. “ಹೊಸ ಶೂ ಕಣ್ರೀ, ಅದನ್ನ ಬಿಟ್ಟು ಹೇಗೆ ಓಡೋದು?” ತೀರಿಹೋದ ಮಾವನವರು ಮದುವೆಗೆ ಮುಂಚೆ ಮೈದಾನದ ಅಂಚಿನಲ್ಲಿ ಗುಂಡಿ ಒತ್ತುವ ಗಡಿಯಾರ ಹಿಡಿದು ಕೂತು, ಇವರ ಓಟದ ಸಮಯ ನೋಡುವ ನೆಪದಲ್ಲಿ ಇವರನ್ನೇ ನೋಡುತ್ತಿದ್ದ ಕಥೆ. “ಗಡಿಯಾರ ಒತ್ತೋದನ್ನೇ ಮರೀತಿದ್ರು. ನಾನು ಎಷ್ಟು ಜೋರಾಗಿ ಓಡಿದೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ.” ಅಲ್ಲಿಗೆ ಶಾಲೆಯ ಗಂಟೆ ಹೊಡೆಯುತ್ತಿತ್ತು, ಕಥೆ ಅರ್ಧಕ್ಕೆ ನಿಲ್ಲುತ್ತಿತ್ತು. ಮಾರನೆಯ ದಿನ ಕೊಡೆ ಬಿಚ್ಚುತ್ತಲೇ ಸಾಣೆ, “ಆಮೇಲೇನಾಯ್ತು ಅತ್ತೆ?” ಎನ್ನುತ್ತಿದ್ದ.

ಆದರೆ ಕೊಡೆಯೊಂದು ಎಷ್ಟು ತಾನೇ ತಡೆದೀತು? ಅವನಿಗೂ ಹೊಟ್ಟೆಪಾಡಿನ ಕೆಲಸವಿತ್ತು. ಬೆಳಗಿನ ಪಾಳಿಗೆ ಹೋಗಲು ಆಗುತ್ತಿರಲಿಲ್ಲ. ಊಟದ ಮೇಜಿನಲ್ಲಿ ಕದ್ದು ಕದ್ದು ನೋಡಿದಾಗಲೆಲ್ಲ ಗುಲಾಬಿ ಒಂದೊಂದು ಪದರ ಇಳಿದಂತೆ ಕಾಣುತ್ತಿತ್ತು. ಒಂದು ದಿನ ಅತ್ತೆ ಕೊರಳಿಗೆ ದಪ್ಪನೆಯ ಸ್ಕಾರ್ಫ್ ಸುತ್ತಿಕೊಂಡು ಬಂದರು. ಪದಕ ಪೂರಾ ಅದರೊಳಗೆ ಮರೆ. ಅಂದಿನಿಂದ ಮನೆಯಲ್ಲೂ, ಊಟದಲ್ಲೂ, ಸೆಕೆಯಲ್ಲೂ ಆ ಸ್ಕಾರ್ಫ್ ಬಿಚ್ಚಲಿಲ್ಲ.

“ಗೆದ್ದೆ ಕಣೇ” ಎಂದ ಸಾಣೆ ಹೆಂಡತಿಗೆ. “ಬಿಸಿಲಿಗೆ ಹೆದರಿ ಸ್ಕಾರ್ಫ್ ಹಾಕೋ ಅಭ್ಯಾಸ ಮಾಡಿಕೊಂಡ್ರು. ಇನ್ನು ಕಲ್ಲು ಬಚಾವ್.”

ಹೆಂಡತಿ ಅವನನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಅವಳು ಏನೂ ಕೇಳಿಸಿಕೊಂಡಿರಲಿಲ್ಲವಲ್ಲ.

ರಜೆಗೆ ಇನ್ನೊಂದು ವಾರವಿತ್ತು. ಮಧ್ಯಾಹ್ನ ಶಾಲೆ ಬಿಟ್ಟಿತ್ತು. ಮಕ್ಕಳ ಗುಂಪು ರಸ್ತೆಗಿಳಿಯುವಾಗ, ಫೋನಿನಲ್ಲಿ ಮುಳುಗಿದ್ದ ಲಾರಿಯವನೊಬ್ಬ ಫಲಕ ನೋಡದೆ ಬಂದೇಬಿಟ್ಟ. ಅತ್ತೆ ಕೊಡೆಯ ಕೆಳಗಿನಿಂದ ಚಿಮ್ಮಿದರು. ಆ ವಯಸ್ಸಿನಲ್ಲಿ ಆ ನೆಗೆತ! ಸೀಟಿ ಕಿವಿ ಸೀಳುವಂತೆ ಕೂಗಿತು, ಲಾರಿ ಕಿರುಗುಟ್ಟಿ ನಿಂತಿತು. ಸ್ಕಾರ್ಫ್ ಎಲ್ಲೋ ಹಾರಿತು. ಲಾರಿಯವನನ್ನು ಬೈಯಲು ಬಾಯಿ ಖಾಲಿಯಾಗಬೇಕಲ್ಲ. ಅತ್ತೆ ಫಟ್ಟನೆ ಉಗುಳಿದ ಸೀಟಿ ನೇರವಾಗಿ ಹೋಗಿ ಪದಕಕ್ಕೆ ಬಡಿಯಿತು.

ಟಕ್ ಎಂಬ ಸಣ್ಣ ಸದ್ದು. ಬೇರೆ ಯಾರಿಗೂ ಕೇಳಿಸಲಿಲ್ಲ. ಸಾಣೆಗೆ ಕೇಳಿಸಿತು.

ಮಕ್ಕಳೆಲ್ಲ ಆಚೆ ದಡ ಸೇರಿದರೂ ಅತ್ತೆ ಫಲಕ ಇಳಿಸಲಿಲ್ಲ. ಎರಡೂ ಕಡೆಯ ಗಾಡಿಗಳನ್ನು ನಿಲ್ಲಿಸಿಕೊಂಡು, ರಸ್ತೆಯ ಮೇಲೆ ಮಂಡಿಯೂರಿ ಹುಡುಕತೊಡಗಿದರು. ಬಸ್ಸಿನವನು ತಲೆ ಹೊರಗೆ ಹಾಕಿ, “ಏನ್ ಟೀಚರ್ ಕಳಕೊಂಡಿದ್ದು?” ಎಂದ. “ಬಾಯಿ ಮುಚ್ಕೊಂಡು ಕೂತ್ಕೋ!” ಎಂದರು. ಅವನು ಎಂದೋ ಅವರ ವಿದ್ಯಾರ್ಥಿಯಾಗಿದ್ದಿರಬೇಕು. ಇಂಜಿನ್ನನ್ನೂ ಆರಿಸಿ ಕೂತ. ಕಲ್ಲಿನ ಅರ್ಧ ಸಿಕ್ಕಿದ ಮೇಲೆಯೇ ಊರಿನ ಸಂಚಾರ ಮುಂದುವರಿಯಿತು.

ಶಾಲೆಯ ಗೇಟಿನ ಮೆಟ್ಟಿಲ ಮೇಲೆ ಇಬ್ಬರೂ ಕೂತರು. ಅತ್ತೆಯ ಅಂಗೈಯಲ್ಲಿ ಎರಡು ಹೋಳು. ಸೀಳಿದ ಮುಖ ಕನ್ನಡಿಯಂತೆ ನುಣ್ಣಗಿತ್ತು. ಬಣ್ಣ? ಬಣ್ಣ ಎಲ್ಲಿತ್ತು! ಗುಲಾಬಿಯ ನೆನಪಷ್ಟೇ ಉಳಿದಿತ್ತು.

ಸಾಣೆ ಬೈಗುಳಕ್ಕೆ ಕುತ್ತಿಗೆ ತಗ್ಗಿಸಿಕೊಂಡು ಕಾದ. ಬೈಗುಳ ಬರಲಿಲ್ಲ. ತಲೆ ಎತ್ತಿ ನೋಡಿದರೆ, ಲಾರಿಗೆ ಹೆದರದ ಆ ಹೆಂಗಸಿನ ಕಣ್ಣು ತುಂಬಿತ್ತು.

“ನನ್ನಿಂದಲೇ ಹಾಳಾಯ್ತು, ಅಳಿಯಂದ್ರೇ. ಒಡೆಯೋಕೆ ಮುಂಚೇನೇ ಬಣ್ಣ ಹೋಗಿತ್ತು. ಸ್ನಾನದ ಸೋಪೋ, ಬೆವರೋ, ಏನು ಮಾಡಿದ್ನೋ ಗೊತ್ತಿಲ್ಲ. ನಿಮಗೆ ಹೇಗೆ ಹೇಳೋದು? ಅಷ್ಟು ಕಷ್ಟಪಟ್ಟು ಕೆತ್ತಿದ್ರಿ. ನೋಡಿದ್ರೆ ಬೇಜಾರು ಮಾಡ್ಕೋತೀರ ಅಂತ ಸ್ಕಾರ್ಫ್ ಸುತ್ತಿ ಮುಚ್ಚಿಟ್ಟೆ.”

ಅತ್ತೆ ಅವನಿಗೆ ಹೆದರಿದ್ದರು! ಸೆಕೆಯಲ್ಲಿ ಬೇಯುತ್ತಾ ಅವನ ಕಣ್ಣು ತಪ್ಪಿಸಿ ಓಡಾಡಿದ್ದರು!

“ಕೋಣೆಗೆ ರಜೆವರೆಗೆ ಕಾಯೋದು ಬೇಡ” ಎಂದು ಅತ್ತೆ ಮೂಗೊರೆಸಿಕೊಂಡರು. “ನಾಳೇನೇ ಖಾಲಿ ಮಾಡಿಸ್ತೀನಿ. ನನ್ನ ತಪ್ಪಿಗೆ ಅಷ್ಟಾದ್ರೂ ಮಾಡ್ಬೇಕು.”

ಉತ್ತರದ ಕಿಟಕಿ ಅವನ ಕಣ್ಣ ಮುಂದೆ ಬಂತು. ಅಲ್ಲಾಡದ ನೆಲ, ಹದವಾದ ಬೆಳಕು. ‘ಹೋಗ್ಲಿ ಬಿಡಿ ಅತ್ತೆ’ ಎಂಬ ಮೂರು ಮಾತು ಸಾಕಿತ್ತು. ದೊಡ್ಡ ಮನಸ್ಸಿನವನು ಎಂಬ ಹೆಸರೂ ಬರುತ್ತಿತ್ತು. ಆದರೆ ಎದುರಿಗೆ ಆ ಒದ್ದೆ ಮುಖವಿತ್ತು.

“ನಿಮ್ಮ ತಪ್ಪಲ್ಲ ಅತ್ತೆ” ಎಂದುಬಿಟ್ಟ. “ಆ ಕಲ್ಲಿನ ಗುಣವೇ ಅದು. ಬಿಸಿಲಿಗೆ ಬಣ್ಣ ಹೋಗುತ್ತೆ. ಪೆಟ್ಟು ಬಿದ್ರೆ ಸೀಳುತ್ತೆ. ನನಗೆ ಮೊದಲಿಂದ ಗೊತ್ತಿತ್ತು.”

“ಮೊದಲಿಂದ?”

“ಕೊಟ್ಟ ದಿನದಿಂದ. ಹೇಳಿದ್ರೆ ನೀವು ಮತ್ತೆ ‘ಏ’ ಅಂತೀರ, ಕೋಣೆ ಕೈತಪ್ಪುತ್ತೆ ಅಂತ...”

ಅತ್ತೆ ಕೊಡೆಯ ಕಡೆ ನೋಡಿದರು. ಅದು ಮೆಟ್ಟಿಲ ಪಕ್ಕದಲ್ಲಿ ಬಿಚ್ಚಿಕೊಂಡೇ ಬಿದ್ದಿತ್ತು.

“ಟೋಪಿ?” ಎಂದರು ನಿಧಾನವಾಗಿ.

“ಕಲ್ಲಿಗೆ ನೆರಳಾಗಲಿ ಅಂತ.”

“ಕೊಡೆ?”

“ಅದೂ ಅಷ್ಟೇ.”

“ನಿಮ್ಮ ಮಾವ ಹೋದ ಮೇಲೆ, ಬಿಸಿಲಲ್ಲಿ ಯಾಕೆ ನಿಂತಿದ್ದೀಯಾ ಅಂತ ನನ್ನ ಯಾರೂ ಕೇಳಿರಲಿಲ್ಲ” ಎಂದರು ಅತ್ತೆ. “ನಾನು ಅದು ನನಗೆ ಹಿಡಿದ ಕೊಡೆ ಅಂದ್ಕೊಂಡಿದ್ದೆ.”

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅತ್ತೆ ಎದ್ದು, ಕೊಡೆ ಮಡಿಚಿ ಅವನ ಕೈಗಿತ್ತು, ಫಲಕ ಹಿಡಿದು ಬಿಸಿಲಿಗೆ ನಡೆದರು.

ಅಂದು ರಾತ್ರಿ ಊಟಕ್ಕೆ ಸೀಟಿ ಊದಲಿಲ್ಲ. “ಬನ್ನಿ, ಊಟ” ಎಂದು ಹೆಂಡತಿ ಬಂದು ಕರೆದಳು. ಬಟ್ಟೆ ಒಗೆಯುವ ಕೋಣೆಯಲ್ಲಿ ಮೆಷಿನ್ನು ಒಂದೇ ಸಮನೆ ಸದ್ದು ಮಾಡುತ್ತಿತ್ತು. ಉತ್ತರದ ಕೋಣೆ ಹೋಯಿತಲ್ಲ ಎಂದು ದುಃಖಪಡೋಣವೆಂದು ಸಾಣೆ ಮರುದಿನ ಬೆಳಗಿನಿಂದ ಪ್ರಯತ್ನ ಮಾಡಿದ. ಆಗಲಿಲ್ಲ. ಕೆಲಸದಲ್ಲಿ ಕೈ ನಿಲ್ಲಲಿಲ್ಲ. ಮಾವನವರು ಕಡೆಗೂ ಒಂದು ದಿನ ಗಡಿಯಾರ ಒತ್ತಿದರೋ ಇಲ್ಲವೋ, ಅದು ಅವನಿಗೆ ತಿಳಿದಿರಲಿಲ್ಲ. ಅದೇ ಕೊರೆಯುತ್ತಿತ್ತು. ಕಲ್ಲಿಗಾಗಿ ಹಿಡಿದ ಕೊಡೆಯ ಕೆಳಗೆ ಯಾವಾಗ ಕಲ್ಲನ್ನು ಮರೆತು ಕಥೆ ಕೇಳತೊಡಗಿದ್ದ ಎಂಬುದು ಅವನಿಗೇ ಗೊತ್ತಾಗಿರಲಿಲ್ಲ.

ಮಧ್ಯಾಹ್ನ ಅವನು ಚಕ್ರ ನಿಲ್ಲಿಸಿ, ಕೊಡೆ ತೆಗೆದುಕೊಂಡು ಹೊರಟ.

ಅತ್ತೆ ರಸ್ತೆಯ ನಡುವೆ ನಿಂತಿದ್ದರು. ಕೊರಳಲ್ಲಿ ಸೀಟಿಯೊಂದೇ. ಸಾಣೆ ಹೋಗಿ ಪಕ್ಕದಲ್ಲಿ ಕೊಡೆ ಬಿಚ್ಚಿದ. ಹತ್ತಿರ ನಿಲ್ಲುವಷ್ಟು ಧೈರ್ಯವಿಲ್ಲದೆ, ತಾನು ಒಂದು ಮಾರು ದೂರ ನಿಂತು, ತೋಳು ಚಾಚಿ ಕೊಡೆಯನ್ನಷ್ಟೇ ಅವರ ತಲೆಯ ಮೇಲೆ ಹಿಡಿದ. ದರ್ಜಿ ಮತ್ತೆ ಬಾಗಿಲಿಗೆ ಬಂದ.

ಅತ್ತೆ ಮುಖ ತಿರುಗಿಸಲಿಲ್ಲ. “ಕಲ್ಲು ಮನೆಯಲ್ಲಿದೆ. ಡಬ್ಬಿಯಲ್ಲಿಟ್ಟಿದ್ದೀನಿ.”

“ಗೊತ್ತು ಅತ್ತೆ.”

ಒಂದು ವ್ಯಾನು ಹೋಯಿತು. ಎರಡು ಸೈಕಲ್ ಹೋದವು. ಸಾಣೆಯ ತೋಳು ಸೋಲತೊಡಗಿತು, ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೋಯಿತು. ಆದರೂ ಕೊಡೆ ಅಲುಗದಂತೆ ಹಿಡಿದುಕೊಂಡೇ ಕೇಳಿದ:

“ಆಮೇಲೇನಾಯ್ತು ಅತ್ತೆ? ಮಾವ ಗಡಿಯಾರ ಒತ್ತಿದ್ರಾ?”

ಅತ್ತೆ ಈಗ ತಿರುಗಿದರು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು: ಬಾಗಿದ ಬೆನ್ನು, ಚಾಚಿದ ತೋಳು, ಬಿಸಿಲಲ್ಲಿ ಕೆಂಪೇರಿದ ಮುಖ. ಆಮೇಲೆ ಅವನ ತೋಳು ಹಿಡಿದು ದರದರನೆ ಎಳೆದು ಕೊಡೆಯ ಕೆಳಗೆ ನಿಲ್ಲಿಸಿಕೊಂಡರು.

“ಏ ಸಾಣೆ, ನೆರಳಿಗೆ ಬಾರೋ. ನಿನ್ನ ಬಣ್ಣಾನೂ ಹೋಗಿಬಿಡುತ್ತೆ.”

ಎಂಟು ವರ್ಷ ಕೇಳಿದ್ದ ಅದೇ ‘ಏ’. ಇವತ್ತು ಅದು ಅವನಿಗೆ ಎಷ್ಟು ಹಿತವಾಗಿ ಕೇಳಿಸಿತೆಂದರೆ, ಅತ್ತೆ ಹೇಳದೆಯೇ ಅವನು ಬೆನ್ನು ನೆಟ್ಟಗೆ ಮಾಡಿ ನಿಂತ.